ಬಾರಾ-ತೇರಾ

ಸತುವು ಹದಿನಾರು ಪಾಲು, ತಾಮ್ರ ಒಂದು.
ಹೊಯ್ದದ್ದು ಆರಿತ್ತು, ಕಾನಸು ಹಾಕಿದ್ದೂ ಆಗಿತ್ತು,
ಮೈಲುತುತ್ತ ಬಳಿದು ಕೂತಿದ್ದೆ
ಹೆಸರಿಗಾಗಿ.

ಹಳೆ ಕಾರುಗಳ ಮೇಳದವರು ಕೊಟ್ಟ ಚೀಟಿಯಾಗ
ಉಳಿದ ಬಹುಮಾನ ಎಲ್ಲಾ ಸಾಫ್ ಇದ್ವು:
ಬಣ್ಣ ಮಾಸದ ಕಾರಿಗೆ ಒಂದು,
ಹುಟ್ಟಿದಾಗಿನ ಹಾರನ್ನಿನಲೇ ಇನ್ನೂ ಒದರೋ ಕಾರಿಗೆ ಒಂದು,
ಒಂದೇ ಮನೆತನದಾಗ ಮೂರು ತಲಿ ಕಂಡ ಕಾರಿಗೆ
ಭಾಲ್ಕಿ ವಕೀಲರ ತಾಯಿ ಹೆಸರ್ಲೆ ಬೆಳ್ಳಿ ತಾಟು.
ಕಡೀದಕ್ಕ ಮಾತ್ರ ಬರೆದಿದ್ರು:
‘ದಿವಂಗತ ........ ಮಿಸ್ತ್ರಿ ಸ್ಮಾರಕ ಕಪ್ಪು.
ಹೆಸರು ಆಮ್ಯಾಲೆ ಹೇಳ್ತೀವಿ.’

ಆಮ್ಯಾಲೆ ಅಂದ್ರ ನಾಕು ದಿನ.
ಯಾರಿಗೂ ಗೊತ್ತಿಲ್ಲರೀ ಹೆಸರು.
ಚೌಬಾರಾದ ಹಿಂದ ಮೂವತ್ತೆಂಟು ವರ್ಷ
ಗಾಡಿ ಅಡಿಗೆ ಮಲಗಿದವ.
ಕಾಲಷ್ಟೇ ಕಂಡೇವಿ ನಾವು, ಮುಖ ಯಾವಾಗರ ಒಮ್ಮೆ.
ಕೈ ಹೊರಗ ಚಾಚಿ ‘ಬಾರಾ-ತೇರಾ!’ ಅಂತಿದ್ದ;
ಹುಡುಗ ಹನ್ನೆರಡು-ಹದಿಮೂರರ ಪಾನಾ ಇಡ್ತಿದ್ದ ಅಂಗೈಯಾಗ.
ಅದೇ ಹೆಸರಾತು.
ನನ್ನ ಲೂನಾ ರಿಪೇರಿದು ನಲವತ್ತು ರೂಪಾಯಿ ಬಾಕಿ ಇತ್ತು ಅವಂಗ,
ಅದನ್ನ ಇಲ್ಲೇ ಹೇಳಿಬಿಡ್ತೀನಿ.

ಮನಿಗೆ ಹೋದೆ. ಜುಲೇಖಾಬಿ ರೇಷನ್ ಕಾರ್ಡು ಮುಂದಿಟ್ಟಳು:
ಮಹ್ಮದ್ ಯಾಕೂಬ್ ವಲ್ದ್ ಹೈದರ್‌ಸಾಬ್.
ಚಂದ ಹೆಸರು. ಬೆಳ್ಳಿ ತಂತಿ ಬಳುಕಾಕ ಜಾಗ ಇರೋ ಹೆಸರು.
ಮನಸಿನಾಗೇ ಅಳತಿ ಹಾಕ್ತಿದ್ದೆ.
ಆಕಿ ಅಂದಳು:
‘ಇದರಲೇ ಕರೆದ್ರ ಅವ್ರು ತಿರುಗೇ ನೋಡ್ತಿರಲಿಲ್ಲ, ಧೂಳಪ್ಪಾ.
ನಿಕಾದಾಗ ಖಾಜಿ ಹೆಸರು ಹಿಡಿದಾಗೂ
ಯಾರಪ್ಪಾ ಅಂತ ಆಚೀಚೆ ನೋಡಿದ್ರಂತ.’

ಅಂಕಿ ಎರಡೇ ಕೆತ್ತಿದೆ.
೧೨. ೧೩.
ಉಳಿಯಿಂದ ಸಂದಿ ಬಿಡಿಸಿ, ತಂತಿ ಕೂಡಿಸಿ, ಬಡಿದು,
ಕೋಟೆಯ ಕತ್ತಲ ಮೂಲಿ ಮಣ್ಣು ನಾಲಿಗಿಗೆ ಹಚ್ಚಿ ನೋಡಿ
(ಮಳಿ ಕಾಣದ, ಬಿಸಿಲು ಕಾಣದ ಮಣ್ಣು,
ಗಾಡಿ ಅಡಿಗಿನ ಅವನ ಜಾಗದ ಹಂಗ)
ನವಸಾಗರದ ಕೂಡ ಕುದಿಸಿದೆ.
ಕಪ್ಪು ಕಪ್ಪಾತು. ಬೆಳ್ಳಿ ಹಂಗೇ ಉಳೀತು.
ಮಜೂರಿ ಬಿಲ್ಲಿನಾಗ ನಲವತ್ತು ಮುರಕೊಂಡೆ;
ಮುಟ್ಟಬೇಕಾದವರಿಗೆ ಅದು ಮುಟ್ಟಲಿಲ್ಲ,
ಅದೂ ಗೊತ್ತದ.

ಆಯ್ತವಾರ ಮೈದಾನದಾಗ
ಬಿಳೇ ಕೈಗವಸಿನ ತೀರ್ಪುಗಾರರು
ಬಾನೆಟ್ ಒಳಗ ಬಟ್ಟಾಡಿಸಿ ‘ಧೂಳು, ಧೂಳು’ ಅಂದ್ರು.
ಪ್ರತಿ ಸಲ ನಾ ಹೊಳ್ಳಿ ನೋಡ್ದೆ.
ಲ್ಯಾಂಡ್‌ಮಾಸ್ಟರು, ಮಾರಿಸ್ಸು,
ಮದಿಮಗನ ಹಂಗ ಮಿರುಗೋ ಪ್ಲೈಮೌತು,
ಲಾರಿ ಏರಿ ಹೈದರಾಬಾದಿನಿಂದ ಬಂದಿಳಿದದ್ದು.
ಬಾರಾ-ತೇರಾ ಕಪ್ಪಿಗೆ ಬ್ಯಾರೆ ಕಾನೂನು:
ಕೈಗವಸು ತಗೀಬೇಕು.
ಕಾರಲ್ಲ, ಓಡಿಸಿದವರ ಉಗುರು ನೋಡಬೇಕು.
ದಾರ್ಯಾಗ ಕೆಟ್ಟಿರಬೇಕು, ದಾರ್ಯಾಗೇ ಎದ್ದಿರಬೇಕು.

ಔರಾದದ ನರ್ಸಮ್ಮ, ಎಸ್ತೆರಮ್ಮ ಮೇತ್ರೆ,
ಪಿಂಚಣಿ ಹತ್ತಿ ಹನ್ನೆರಡು ವರ್ಷ;
ಹನ್ನೊಂದು ನೂರರ ಫಿಯಟ್ಟು.
ಸಂತಪುರ ದಾಟಿದ ಮ್ಯಾಲೆ ಫ್ಯಾನ್ ಬೆಲ್ಟ್ ಹರಿದಿತ್ತು.
‘ಏನು ಕಟ್ಟಿ ತಂದ್ರೀ?’ ಮೈಕಿನ ಹುಡುಗ ಕೇಳ್ದ.
‘ಲಂಗದ ಲಾಡಿ’ ಅಂದ್ರು, ಪಟ್ಟಿ ಬಿಗಿಯೋ ದನಿಯಾಗ.
‘ಲಗೂ ಕೊಡು ತಮ್ಮಾ, ಪಿನ್ನಿನ ಮ್ಯಾಲೆ ನಿಂತೀನಿ.’

ಮೈದಾನದ ನಗು ಇಳಿಯೋ ತನಕ ಕಾದು
ಮುಖ್ಯ ಅತಿಥಿಗಳು ಕನ್ನಡಕ ಏರಿಸಿ ಓದಿದ್ರು:
‘ಹನ್ನೆರಡು-ಹದಿಮೂರನೇ ಸಾಲಿನ ಪ್ರಶಸ್ತಿ.’
ತಿದ್ದಾಕ ಎದ್ದೆ.
ಹೆಂಗಸರ ಸಾಲಿನಾಗ ಜುಲೇಖಾಬಿ
ಸೆರಗು ಬಾಯಿಗೊತ್ತಿ ನಗಾಕತ್ತಿದ್ದಳು,
ಭುಜ ಅಲಗಾಡೋ ಅಷ್ಟು.
ಕೂತೆ.

ಹೋಗೋ ಮುಂದ ಎಸ್ತೆರಮ್ಮ ಕೇಳಿದ್ರು:
‘ಇದು ಮಾಸಿದ್ರ ಏನು ಹಚ್ಚಲಿ?’
‘ಕೊಬ್ಬರಿ ಎಣ್ಣಿ.’
‘ಇಂಜಿನ್ ಆಯಿಲ್ ನಡೀತದೇನು?’

ಇಷ್ಟು ವರ್ಷದ ಕಸುಬಿನಾಗ ಯಾರೂ ಕೇಳಿರಲಿಲ್ಲ.
‘ಸುಟ್ಟದ್ದಿದ್ರ,’ ಅಂದೆ, ‘ಇನ್ನೂ ಚಲೋ.’